ಯಂತ್ರಕ್ಕೆ ನುಡಿ ಕಲಿಸಿದ ಕಡತಗಳು

ಮಾಲ್ಟಾ ಮೆಡಿಟರೇನಿಯನ್ ಸಮುದ್ರದ ನಡುವಿನ ಪುಟ್ಟ ದ್ವೀಪರಾಷ್ಟ್ರ. ಅಲ್ಲಿನ ಮಾಲ್ಟೀಸ್ ಭಾಷೆ ಆಡುವವರು ಐದು ಲಕ್ಷದ ಆಸುಪಾಸು. ಗೂಗಲ್ ಅನುವಾದ ಸೇವೆಗೆ ಮಾಲ್ಟೀಸ್ ಸೇರಿದ್ದು 2009ರಲ್ಲಿ. 2011ರ ಜನಗಣತಿಯಲ್ಲಿ 4,37,06,512 ಮಂದಿ ತಾಯ್ನುಡಿ ಎಂದು ಬರೆಸಿದ ಕನ್ನಡ ಸೇರಿದ್ದು 2011ರ ಜೂನ್‌ನಲ್ಲಿ, ಅದೂ ಇನ್ನೂ ಪ್ರಯೋಗದ ಹಂತದಲ್ಲಿದೆ ಎಂಬ ಹಣೆಪಟ್ಟಿಯೊಂದಿಗೆ.

ಈ ಎರಡು ಇಸವಿಗಳನ್ನು ಪಕ್ಕಪಕ್ಕ ಬರೆದುಕೊಂಡ ಮೇಲೆ ಕಾರಣ ಹುಡುಕದೆ ಇರಲು ನನ್ನಿಂದ ಆಗಲಿಲ್ಲ. ಜನಸಂಖ್ಯೆ ಕಾರಣವಲ್ಲ ಎಂಬುದು ಅಂಕಿಗಳಲ್ಲೇ ಇದೆ. ಮಾರುಕಟ್ಟೆಯೂ ಅಲ್ಲ, ಮಾಲ್ಟಾದಲ್ಲಿ ಇಂಗ್ಲಿಷ್ ಕೂಡ ಅಧಿಕೃತ ಭಾಷೆ, ಅನುವಾದ ಇಲ್ಲವೆಂದು ಅಲ್ಲಿ ಯಾರ ವ್ಯಾಪಾರವೂ ನಿಲ್ಲುವುದಿಲ್ಲ. ಲಿಪಿಯ ತೊಡಕು ಎನ್ನೋಣವೆಂದರೆ, 2006ರ ಏಪ್ರಿಲ್‌ನಲ್ಲಿ ಗೂಗಲ್ ತನ್ನದೇ ಅನುವಾದ ಯಂತ್ರವನ್ನು ಹೊರತಂದಾಗ ಆರಿಸಿಕೊಂಡ ಮೊದಲ ಭಾಷೆ ಬಲದಿಂದ ಎಡಕ್ಕೆ ಬರೆಯುವ ಅರಬ್ಬಿ. ಹಾಗಾದರೆ ಸರದಿ ನಿರ್ಧಾರವಾದದ್ದು ಹೇಗೆ? ಹುಡುಕುತ್ತ ಹೋದಂತೆ ತಂತ್ರಜ್ಞರ ಪ್ರಬಂಧಗಳ ಜೊತೆಗೆ ಕೈಗೆ ಸಿಗುತ್ತ ಹೋದದ್ದು ಸರ್ಕಾರಗಳ ಕಡತ: ಸಮಿತಿಯ ವರದಿ, ಭಾಷಾ ಕಾಯ್ದೆ, ಸಂಸತ್ತಿನ ನಡಾವಳಿ, ರಕ್ಷಣಾ ಇಲಾಖೆಯ ಅನುದಾನ.

ರಷ್ಯನ್‌ಗಾಗಿ ಹುಟ್ಟಿದ ಯಂತ್ರ

ಮೊದಲು ಕೈಗೆ ಬಂದದ್ದು ಐಬಿಎಂ ಕಂಪನಿ 1954ರ ಜನವರಿ 8ರಂದು ಹೊರಡಿಸಿದ ಪತ್ರಿಕಾ ಪ್ರಕಟಣೆ. ಹಿಂದಿನ ದಿನ ನ್ಯೂಯಾರ್ಕ್‌ನ ಕೇಂದ್ರ ಕಚೇರಿಯಲ್ಲಿ ಐಬಿಎಂ 701 ಯಂತ್ರ ರಷ್ಯನ್ ವಾಕ್ಯಗಳನ್ನು ಇಂಗ್ಲಿಷಿಗೆ ತಿರುಗಿಸಿತ್ತು. ರಷ್ಯನ್ ಒಂದು ಪದವೂ ಬಾರದ ಯುವತಿಯೊಬ್ಬಳು ವಾಕ್ಯಗಳನ್ನು ಕಾರ್ಡುಗಳ ಮೇಲೆ ರಂಧ್ರ ಹಾಕಿ ಕೊಟ್ಟಳು. ಯಂತ್ರ ಸೆಕೆಂಡಿಗೆ ಎರಡೂವರೆ ಸಾಲಿನಂತೆ ಇಂಗ್ಲಿಷ್ ಮುದ್ರಿಸಿತು. ವಾಕ್ಯಗಳ ವಿಷಯಗಳು ಯಾವುವೆಂದು ಪ್ರಕಟಣೆಯೇ ಪಟ್ಟಿ ಮಾಡುತ್ತದೆ: ರಾಜಕೀಯ, ಕಾನೂನು, ಗಣಿತ, ರಸಾಯನಶಾಸ್ತ್ರ, ಲೋಹಶಾಸ್ತ್ರ, ಸಂಪರ್ಕ, ಸೇನೆ. ಒಂದು ರಾಷ್ಟ್ರ ತನ್ನ ಎದುರಾಳಿಯ ಬಗ್ಗೆ ಏನೇನು ತಿಳಿಯಬಯಸುತ್ತದೋ ಅದರ ಪಟ್ಟಿ ಇದು.

ಆ ಯಂತ್ರಕ್ಕೆ ಗೊತ್ತಿದ್ದದ್ದು 250 ಪದ, 6 ನಿಯಮ. ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಪರವಾಗಿ ಪ್ರಯೋಗ ನಡೆಸಿದ ಲಿಯೋನ್ ದೊಸ್ತೆರ್, ನ್ಯೂರೆಂಬರ್ಗ್ ವಿಚಾರಣೆಯಲ್ಲಿ ಏಕಕಾಲದ ಭಾಷಾಂತರ ವ್ಯವಸ್ಥೆಯನ್ನು ಕಟ್ಟಿದವರು. ಐದು, ಪ್ರಾಯಶಃ ಮೂರೇ ವರ್ಷಗಳಲ್ಲಿ ಮುಖ್ಯ ಕ್ಷೇತ್ರಗಳ ಯಂತ್ರಾನುವಾದ ಕೈಗೂಡೀತು ಎಂದು ಅವರು ನಂಬಿದ್ದರು. ಹಣದ ಜಾಡು ಹಿಡಿದರೆ, 1956ರಲ್ಲಿ ಜಾರ್ಜ್‌ಟೌನ್‌ಗೆ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಮೂಲಕ ಬಂದ ಒಂದು ಲಕ್ಷ ಡಾಲರ್ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಯದು. ಮರುವರ್ಷ ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಹಾರಿಸಿತು. ಮಾಸ್ಕೋದ ವಿಜ್ಞಾನ ಪತ್ರಿಕೆಗಳಲ್ಲಿ ಏನಿದೆ ಎಂಬ ಆತಂಕ ವಾಷಿಂಗ್ಟನ್ನಿನಲ್ಲಿ ಏರಿದಷ್ಟೂ ಅನುದಾನವೂ ಏರಿತು. ಜರ್ಮನ್ ಅಲ್ಲ, ಜಪಾನಿ ಅಲ್ಲ, ರಷ್ಯನ್ನೇ ಯಂತ್ರದ ಮೊದಲ ಪಾಠವಾದದ್ದು ಶೀತಲ ಸಮರದಿಂದ.

ಬಾಗಿಲು ಮುಚ್ಚಿದ ವರದಿ

ಹತ್ತು ವರ್ಷ ಕಳೆದರೂ ಮಾತು ಕೊಟ್ಟ ಯಂತ್ರ ಬರಲಿಲ್ಲ. ಹಣ ಕೊಟ್ಟವರೇ 1964ರ ಏಪ್ರಿಲ್‌ನಲ್ಲಿ ಲೆಕ್ಕ ಕೇಳಲು ಸಮಿತಿ ಕೂರಿಸಿದರು. ಬೆಲ್ ಲ್ಯಾಬ್ಸ್‌ನ ಜಾನ್ ಪಿಯರ್ಸ್ ಅಧ್ಯಕ್ಷರು, ಏಳು ಸದಸ್ಯರು. 1966ರ ನವೆಂಬರ್‌ನಲ್ಲಿ ಹೊರಬಂದ ವರದಿಯನ್ನು ಸಮಿತಿಯ ಹೆಸರಿನ ಮೊದಲಕ್ಷರಗಳಿಂದ ಆಲ್ಪ್ಯಾಕ್ ವರದಿ ಎಂದು ಕರೆಯುತ್ತಾರೆ. ಯಂತ್ರಾನುವಾದವನ್ನು ಕೊಂದ ವರದಿ ಎಂಬ ಕುಖ್ಯಾತಿ ಅದಕ್ಕಿದೆ. ಕುಖ್ಯಾತಿಯನ್ನು ಕೇಳಿಯೇ ತೃಪ್ತರಾಗುವ ಬದಲು ಮೂಲವನ್ನು ತೆರೆದು ಓದಿದೆ.

ಮುಖ್ಯ ವರದಿ 34 ಪುಟ, ಅನುಬಂಧ ಸುಮಾರು 90 ಪುಟ. ಜೀವವಿರುವುದು ಅನುಬಂಧಗಳಲ್ಲಿ. ಮನುಷ್ಯರು ಮಾಡಿದ ಅನುವಾದ, ಯಂತ್ರ ಮಾಡಿದ ಅನುವಾದ ಎರಡನ್ನೂ ಕಲಸಿ ಓದುಗರಿಗೆ ಕೊಟ್ಟು, ಅರ್ಥವಾಗುವಿಕೆಗೆ 9 ಮೆಟ್ಟಿಲಿನ ಅಳತೆಗೋಲು ಇಟ್ಟು ಅಂಕ ಹಾಕಿಸಿದ್ದಾರೆ. ಆ ಕಾಲಕ್ಕೆ ಅದು ಎಚ್ಚರದ ಕೆಲಸ. ಆದರೆ ತೀರ್ಪಿಗೆ ಆಧಾರವಾದದ್ದು ಬೇರೊಂದು ಲೆಕ್ಕ: ಮಾನವ ಅನುವಾದಕರಿಗೆ ಕೊರತೆಯಿದೆಯೇ? ಸರ್ಕಾರಕ್ಕೆ ಅನುವಾದ ಒದಗಿಸುತ್ತಿದ್ದ ಒಂದು ಕಚೇರಿಯ ಒಪ್ಪಂದದ ಪಟ್ಟಿಯಲ್ಲೇ ಸುಮಾರು 4,000 ಅನುವಾದಕರಿದ್ದರು. ತಿಂಗಳಿಗೆ ಕೆಲಸ ಸಿಗುತ್ತಿದ್ದದ್ದು ಸರಾಸರಿ 300 ಮಂದಿಗೆ. ಅನುವಾದಕರು ಸಾಕಷ್ಟಿದ್ದಾರೆ, ಯಂತ್ರದ ಫಲಿತಾಂಶ ನಿಧಾನ, ದುಬಾರಿ, ಕಳಪೆ. ಸುಮಾರು 2 ಕೋಟಿ ಡಾಲರ್ ಖರ್ಚಾಗಿದೆ. ಹತ್ತಿರದಲ್ಲಿ ಉಪಯುಕ್ತ ಫಲದ ಲಕ್ಷಣವಿಲ್ಲ. ಭಾಷೆಯ ಮೂಲವಿಜ್ಞಾನಕ್ಕೆ, ಅನುವಾದಕರಿಗೆ ನೆರವಾಗುವ ಸಾಧನಗಳಿಗೆ ಹಣ ಕೊಡಿ ಎಂದೂ ಸಮಿತಿ ಹೇಳಿತ್ತು. ಓದಿದವರು ಮೊದಲರ್ಧ ನೆನಪಿಟ್ಟುಕೊಂಡರು. ಅಮೆರಿಕದಲ್ಲಿ ಯಂತ್ರಾನುವಾದ ಸಂಶೋಧನೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ನೆಲಕಚ್ಚಿತು.

ಈ ಕ್ಷೇತ್ರದ ಇತಿಹಾಸಕಾರ ಜಾನ್ ಹಚಿನ್ಸ್ ಎತ್ತಿ ತೋರಿಸಿದ ಒಂದು ಸಂಗತಿ ನನ್ನ ಹುಡುಕಾಟದ ದಿಕ್ಕು ಬದಲಿಸಿತು. ಸಮಿತಿ ನೋಡಿದ್ದು ಅಮೆರಿಕದ ಸರ್ಕಾರಕ್ಕೆ ರಷ್ಯನ್ ಓದಲು ಏನು ಬೇಕು ಎಂಬುದನ್ನು ಮಾತ್ರ. ಒಂದೇ ದೇಶದೊಳಗೆ ಎರಡು ಭಾಷೆಯ ಪ್ರಜೆಗಳಿದ್ದರೆ? ಸರ್ಕಾರವೇ ಪ್ರಜೆಗಳ ಭಾಷೆಯಲ್ಲಿ ಮಾತನಾಡಬೇಕಾದರೆ? ಆ ಪ್ರಶ್ನೆ ಸಮಿತಿಯ ಮುಂದೆ ಇರಲೇ ಇಲ್ಲ. ಹಾಗಾಗಿ ಅಂತಹ ದೇಶದ ಕಡತ ನೋಡಬೇಕಾಯಿತು.

ಒಟ್ಟಾವಾದ ನಡಾವಳಿ

ಕೆನಡಾದ ಅಧಿಕೃತ ಭಾಷೆಗಳ ಕಾಯ್ದೆ ಬಂದದ್ದು 1969ರಲ್ಲಿ. ಫ್ರೆಂಚ್ ಭಾಷಿಕರಿಗೂ ಇಂಗ್ಲಿಷ್ ಭಾಷಿಕರಿಗೂ ಒಕ್ಕೂಟ ಸರ್ಕಾರ ಅವರವರ ಭಾಷೆಯಲ್ಲೇ ಸೇವೆ ಕೊಡಬೇಕಾಯಿತು. ಅಮೆರಿಕದಲ್ಲಿ ಅನುವಾದಕರು ಹೆಚ್ಚಾಗಿದ್ದರೆ ಇಲ್ಲಿ ಸಾಲದಾದರು. ಮಾಂಟ್ರಿಯಲ್ ವಿಶ್ವವಿದ್ಯಾಲಯದ ತಂಡ ಕಟ್ಟಿದ ಮೆಟಿಯೊ ಎಂಬ ವ್ಯವಸ್ಥೆ 1977ರಿಂದ 2001ರವರೆಗೆ ಹವಾಮಾನ ವರದಿಗಳನ್ನು ದಿನವೂ ಇಂಗ್ಲಿಷಿನಿಂದ ಫ್ರೆಂಚಿಗೆ ತಿರುಗಿಸಿತು. ಆಲ್ಪ್ಯಾಕ್ ಅಸಾಧ್ಯವೆಂದಂತೆ ಕಂಡ ಕೆಲಸವನ್ನು ಪಕ್ಕದ ದೇಶದ ಕಾನೂನು ಅನಿವಾರ್ಯ ಮಾಡಿತ್ತು.

ಆದರೆ ಕೆನಡಾದ ದೊಡ್ಡ ಕೊಡುಗೆ ಇದಲ್ಲ. ಅದರ ಬೇರು ಇನ್ನೂ ಹಿಂದೆ, 1867ರ ಸಂವಿಧಾನ ಕಾಯ್ದೆಯ 133ನೇ ವಿಧಿಯಲ್ಲಿದೆ. ಸಂಸತ್ತಿನ ದಾಖಲೆಗಳು ಎರಡೂ ಭಾಷೆಯಲ್ಲಿರಬೇಕು ಎನ್ನುತ್ತದೆ ಅದು. ಶತಮಾನಕ್ಕೂ ಹೆಚ್ಚು ಕಾಲ ಅನುವಾದಕರು ಸದನದ ಒಂದೊಂದು ಮಾತನ್ನೂ ಇನ್ನೊಂದು ಭಾಷೆಗೆ ತಂದರು. ಹ್ಯಾನ್ಸಾರ್ಡ್ ಎಂದು ಕರೆಯುವ ಆ ನಡಾವಳಿ ಕ್ರಮೇಣ ಕಂಪ್ಯೂಟರಿಗೂ ಏರಿತು. 1980ರ ದಶಕದ ಕೊನೆಗೆ ನ್ಯೂಯಾರ್ಕ್ ರಾಜ್ಯದ ಐಬಿಎಂ ಸಂಶೋಧನಾಲಯದಲ್ಲಿ ಪೀಟರ್ ಬ್ರೌನ್, ರಾಬರ್ಟ್ ಮರ್ಸರ್, ಫ್ರೆಡ್ ಜೆಲಿನೆಕ್ ಮತ್ತು ಸಂಗಡಿಗರು ವ್ಯಾಕರಣವನ್ನು ಪಕ್ಕಕ್ಕಿಟ್ಟು, ಯಾವ ಇಂಗ್ಲಿಷ್ ಪದದ ಎದುರು ಯಾವ ಫ್ರೆಂಚ್ ಪದ ಎಷ್ಟು ಬಾರಿ ಬರುತ್ತದೆ ಎಂದು ಎಣಿಸಿ ಯಂತ್ರಕ್ಕೆ ಕಲಿಸಲು ಹೊರಟರು. ಹಾಗೆ ಎಣಿಸಲು ಒಂದೇ ಮಾತು ಎರಡು ಭಾಷೆಯಲ್ಲಿರುವ ಅಪಾರ ಪಠ್ಯ ಬೇಕು. ಅದು ಅವರಿಗೆ ಸಿಕ್ಕಿದ್ದು ಕೆನಡಾದ ಸಂಸತ್ತಿನಿಂದ.

1990ರಲ್ಲಿ ಪ್ರಕಟವಾದ ಅವರ ಪ್ರಬಂಧದಲ್ಲಿ ಒಂದು ಪುಟ್ಟ ಕೋಷ್ಟಕವಿದೆ. 9,000 ಪದಗಳ ಶಬ್ದಸಂಪತ್ತು, 40,000 ವಾಕ್ಯಜೋಡಿಗಳಿಂದ ಕಲಿತ ಯಂತ್ರ ಇಂಗ್ಲಿಷಿನ 'ಹಿಯರ್' ಪದಕ್ಕೆ ಕೊಟ್ಟ ಫ್ರೆಂಚ್ ಪದ 'ಬ್ರಾವೊ', ಸಂಭವನೀಯತೆ 0.992. ಕೇಳುವುದು ಎಂಬ ನಿಜವಾದ ಅರ್ಥದ ಪದಕ್ಕೆ ಉಳಿದದ್ದು 0.005. ಕಾರಣ ಸರಳ. ಸದಸ್ಯರು ಒಪ್ಪಿಗೆ ಸೂಚಿಸಲು 'ಹಿಯರ್, ಹಿಯರ್' ಎಂದು ಕೂಗುತ್ತಾರೆ. ಫ್ರೆಂಚ್ ನಡಾವಳಿಯಲ್ಲಿ ಅಲ್ಲಿ 'ಬ್ರಾವೊ' ಎಂದಿರುತ್ತದೆ. ಯಂತ್ರ ಜಗತ್ತನ್ನು ಕಂಡದ್ದು ಸಂಸತ್ತಿನ ಕಿಟಕಿಯಿಂದ ಮಾತ್ರ. ಈ ಒಂದು ಸಾಲು ನನ್ನ ಪ್ರಶ್ನೆಯ ಗಂಟನ್ನು ಅರ್ಧ ಬಿಚ್ಚಿತು. ಯಂತ್ರದ ಭಾಷೆ ಜನರ ಆಡುಮಾತಿನ ಪ್ರತಿಬಿಂಬವಲ್ಲ. ಯಾರು ಏನನ್ನು ಎರಡು ಭಾಷೆಯಲ್ಲಿ ಬರೆದು, ಜೋಪಾನ ಮಾಡಿ, ಕೈಗೆ ಸಿಗುವಂತೆ ಇಟ್ಟರೋ ಅದರ ಪ್ರತಿಬಿಂಬ.

ಇನ್ನರ್ಧ ಬಿಚ್ಚಿಕೊಳ್ಳಲು ಹೊತ್ತು ಹಿಡಿಯಲಿಲ್ಲ. ವಿಶ್ವಸಂಸ್ಥೆ ಅರಬ್ಬಿಯನ್ನು ಅಧಿಕೃತ ಭಾಷೆಗಳ ಸಾಲಿಗೆ ಸೇರಿಸಿದ್ದು 1973ರಲ್ಲಿ. ಅಂದಿನಿಂದ ಅಲ್ಲಿನ ದಾಖಲೆಗಳು ಅರಬ್ಬಿಯಲ್ಲೂ ಬೆಳೆದವು. 2001ರ ಬಳಿಕ ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ ಹಣ ಹೂಡಿದ ಅನುವಾದ ಸ್ಪರ್ಧೆಗಳ ಭಾಷೆ ಅರಬ್ಬಿ ಮತ್ತು ಚೀನಿ. 2005ರ ಸ್ಪರ್ಧೆಯಲ್ಲಿ ಗೂಗಲ್ ಮೇಲುಗೈ ಸಾಧಿಸಿತು. ಮರುವರ್ಷವೇ ಅರಬ್ಬಿ ಅನುವಾದ ಎಲ್ಲರ ಕೈಗೆ ಬಂತು. ಮಾಲ್ಟಾ 2004ರಲ್ಲಿ ಐರೋಪ್ಯ ಒಕ್ಕೂಟ ಸೇರಿ, ಮಾಲ್ಟೀಸ್ ಅದರ ಅಧಿಕೃತ ಭಾಷೆಯಾಯಿತು. ಒಕ್ಕೂಟದ ಶಾಸನಗಳನ್ನೆಲ್ಲ ಮಾಲ್ಟೀಸ್‌ಗೂ ತರಬೇಕಾಯಿತು. 2006ರಲ್ಲಿ ಒಕ್ಕೂಟದ ಸಂಶೋಧನಾ ಕೇಂದ್ರ ಆ ಶಾಸನಗಳನ್ನು 20ಕ್ಕೂ ಹೆಚ್ಚು ಭಾಷೆಗಳಲ್ಲಿ ಸಾಲಿಗೆ ಸಾಲು ಹೊಂದಿಸಿ ಸಂಶೋಧಕರಿಗೆ ಬಿಟ್ಟುಕೊಟ್ಟಿತು. ಐದು ಲಕ್ಷ ಜನರ ಭಾಷೆಗೆ ದೊಡ್ಡ ಭಾಷೆಗಳ ಪಂಕ್ತಿಯಲ್ಲಿ ಎಲೆ ಹಾಕಿದ್ದು ಒಂದು ಒಪ್ಪಂದ.

ದೆಹಲಿ, ಮೈಸೂರು, ಹೈದರಾಬಾದ್

ಹಾಗಾದರೆ ನಮ್ಮಲ್ಲಿ? 1991ರಲ್ಲಿ ಕೇಂದ್ರದ ಎಲೆಕ್ಟ್ರಾನಿಕ್ಸ್ ಇಲಾಖೆ ಭಾರತೀಯ ಭಾಷೆಗಳ ತಂತ್ರಜ್ಞಾನ ಅಭಿವೃದ್ಧಿ ಕಾರ್ಯಕ್ರಮ ಶುರು ಮಾಡಿತು. ಅದರ ಅಂಗವಾಗಿ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನ ದ್ರಾವಿಡ ಭಾಷೆಗಳ ಪಠ್ಯಸಂಗ್ರಹ ಕಟ್ಟಿತು. ಕನ್ನಡಕ್ಕೆ ಸುಮಾರು 30 ಲಕ್ಷ ಪದ. ಅಮೂಲ್ಯ ಕೆಲಸ. ಆದರೆ ಅದು ಕನ್ನಡ ಮಾತ್ರದ ಪಠ್ಯ. ಎದುರಿಗೆ ಜೋಡಿ ಭಾಷೆಯಿಲ್ಲ. ಕಾನ್ಪುರದ ಐಐಟಿಯಲ್ಲಿ ಪಾಣಿನಿಯ ಕಾರಕ ತತ್ತ್ವವನ್ನು ನೆಚ್ಚಿ ಕಟ್ಟಿದ ಅನುಸಾರಕ ಎಂಬ ವ್ಯವಸ್ಥೆ ಕನ್ನಡ, ತೆಲುಗು, ಮರಾಠಿ, ಬಂಗಾಳಿ, ಪಂಜಾಬಿಗಳಿಂದ ಹಿಂದಿಗೆ ತರುತ್ತಿತ್ತು. ಕೇಂದ್ರದ ಗಣಕ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್‌ನ ಮಂತ್ರ ಎಂಬ ವ್ಯವಸ್ಥೆ ಇಂಗ್ಲಿಷಿನಿಂದ ಹಿಂದಿಗೆ ಆಡಳಿತ ಪತ್ರಗಳನ್ನು, ರಾಜ್ಯಸಭೆಯ ಕಾರ್ಯಸೂಚಿಗಳನ್ನು ತಿರುಗಿಸುತ್ತಿತ್ತು. ಅದರ ಬೆನ್ನಿಗೆ ಕೇಂದ್ರದ ರಾಜಭಾಷಾ ಇಲಾಖೆಯಿತ್ತು. ದಾರಿಗಳು ಯಾವ ಊರಿಗೆ ಹೋಗಿ ಸೇರುತ್ತಿದ್ದವು ಎಂಬುದನ್ನು ಗಮನಿಸಿ. ರಾಜಭಾಷಾ ನೀತಿ ಎತ್ತ ಬೊಟ್ಟು ಮಾಡಿತೋ ಯಂತ್ರವೂ ಅತ್ತಲೇ ನಡೆಯಿತು.

ಹಳೆಯ ಸಮೀಕ್ಷಾ ಲೇಖನಗಳನ್ನು ತಿರುವುತ್ತಿದ್ದಾಗ ಸಂತೋಷ ಕೊಟ್ಟ ಒಂದು ನಮೂದು ಸಿಕ್ಕಿತು. ಹೈದರಾಬಾದ್ ವಿಶ್ವವಿದ್ಯಾಲಯದ ಪ್ರೊ. ಕೆ. ನಾರಾಯಣಮೂರ್ತಿ ಇಂಗ್ಲಿಷಿನಿಂದ ಕನ್ನಡಕ್ಕೆ ಒಂದು ಅನುವಾದ ವ್ಯವಸ್ಥೆ ಕಟ್ಟಿದ್ದರು. ಅದನ್ನು ಪ್ರಯೋಗಿಸಿದ್ದು ಸರ್ಕಾರಿ ಸುತ್ತೋಲೆಗಳ ಮೇಲೆ. ಹಣ ಕೊಟ್ಟದ್ದು ಕರ್ನಾಟಕ ಸರ್ಕಾರ. ಅಂದರೆ ಕೆನಡಾದವರಿಗೆ ಹೊಳೆದದ್ದು ನಮಗೂ ಹೊಳೆದಿತ್ತು. 1963ರ ರಾಜ್ಯಭಾಷಾ ಕಾಯ್ದೆ ಆಗಲೇ ಇತ್ತು, ಕನ್ನಡದಲ್ಲಿ ಆಡಳಿತ ನಡೆಸುವ ಸಂಕಲ್ಪವೂ ಇತ್ತು. ಯಂತ್ರಗಳು ನಿಯಮ ಬಿಟ್ಟು ಪಠ್ಯದಿಂದ ಕಲಿಯಲು ತೊಡಗಿದ ಕಾಲಕ್ಕೆ ನಮಗೆ ಇಲ್ಲದೆ ಹೋದದ್ದು ಮುಕ್ತವಾಗಿ ಸಿಗುವ ಜೋಡಿ ಪಠ್ಯದ ಭಂಡಾರ.

ಖಾಲಿ ಉಳಿದ ಚೌಕ

ಆ ಕೊರತೆ ಕಣ್ಣಿಗೆ ರಾಚುವುದು 'ಸಮಾನಾಂತರ' ಎಂಬ ದತ್ತಸಂಗ್ರಹದ ಪ್ರಬಂಧದಲ್ಲಿ. ಮದ್ರಾಸ್ ಐಐಟಿಯ ಎಐ4ಭಾರತ್ ತಂಡ 11 ಭಾರತೀಯ ಭಾಷೆಗಳಿಗೆ ಇಂಗ್ಲಿಷಿನೊಂದಿಗೆ 4.97 ಕೋಟಿ ವಾಕ್ಯಜೋಡಿಗಳನ್ನು ಒಟ್ಟುಮಾಡಿದ ದೊಡ್ಡ ಸಾಹಸ ಅದು. ಅದರಲ್ಲಿ ಹಿಂದಿಯದು ಸುಮಾರು ಒಂದು ಕೋಟಿ, ಕನ್ನಡದ್ದು ಸುಮಾರು 40 ಲಕ್ಷ. ಈ ತಂಡ ಕೆಲಸ ಶುರು ಮಾಡುವ ಮೊದಲು ಯಾವ ಭಾಷೆಗೆ ಎಲ್ಲೆಲ್ಲಿಂದ ಎಷ್ಟು ಸಿಕ್ಕಿತ್ತು ಎಂಬ ಕೋಷ್ಟಕವನ್ನು ಬೆರಳಿಟ್ಟು ಓದುತ್ತ ಹೋದೆ. ಕೇಂದ್ರದ ವಾರ್ತಾ ಕಾರ್ಯಾಲಯದ ಪ್ರಕಟಣೆಗಳಿಂದ ಕಟ್ಟಿದ ಸಂಗ್ರಹದ ಸಾಲಿನಲ್ಲಿ ಹಿಂದಿ, ತಮಿಳು, ಮರಾಠಿ, ತೆಲುಗು, ಮಲಯಾಳ, ಒಡಿಯಾಗಳಿಗೆ ಅಂಕಿಗಳಿವೆ. ಕನ್ನಡದ ಚೌಕ ಖಾಲಿ. ಪ್ರಧಾನಿ ಕಚೇರಿಯ ಸುದ್ದಿಗಳಿಂದ ಸಿಕ್ಕಿದ್ದು ಸುಮಾರು 29 ಸಾವಿರ ಜೋಡಿ. ಆಗ ಕನ್ನಡಕ್ಕಿದ್ದ ಅತಿ ದೊಡ್ಡ ಪಾಲು ಬಂದದ್ದು ಜೆಹೋವನ ಸಾಕ್ಷಿಗಳು ಎಂಬ ಕ್ರೈಸ್ತ ಪಂಗಡದ ಪತ್ರಿಕೆಗಳಿಂದ.

ಆ ಪಂಗಡದವರು ತಮ್ಮ ನಂಬಿಕೆಗಾಗಿ ಶ್ರದ್ಧೆಯಿಂದ ಅನುವಾದಿಸಿದರು, ಅದರಲ್ಲಿ ತಪ್ಪಿಲ್ಲ. ಮುಂದೆ ಹಕ್ಕುಸ್ವಾಮ್ಯದ ಕಾರಣಕ್ಕೆ ಆ ಸಂಗ್ರಹವನ್ನು ಸಾರ್ವಜನಿಕ ಭಂಡಾರದಿಂದ ತೆಗೆಯಲಾಯಿತು. ನನ್ನ ಅಳಲು ಬೇರೆ. ಯಂತ್ರಕ್ಕೆ ಕನ್ನಡ ಕಲಿಸುವ ಹೊತ್ತಿಗೆ ಕೋಟಿಗಟ್ಟಲೆ ಕನ್ನಡಿಗರನ್ನು ಆಳುವ ವ್ಯವಸ್ಥೆಗಿಂತ ಒಂದು ಪಂಗಡ ಹೆಚ್ಚು ಕೊಟ್ಟಿತ್ತು.

ಕನ್ನಡ ಸರ್ಕಾರಿ ಪತ್ರಗಳು ಕಡಿಮೆಯೇ? ಇಲ್ಲ. ಒಂದು ಇಲಾಖೆಯ ಹಳೆಯ ಸುತ್ತೋಲೆಯ ಪಿಡಿಎಫ್ ತೆರೆದೆ. ಪರದೆಯ ಮೇಲೆ ದುಂಡು ದುಂಡಾದ ಕನ್ನಡ. ಒಂದು ಸಾಲನ್ನು ನಕಲು ಮಾಡಿ ಬೇರೆಡೆ ಅಂಟಿಸಿದರೆ 'ಕ' ಇದ್ದ ಕಡೆ ಇಂಗ್ಲಿಷಿನ 'ಪಿ', 'ನ' ಇದ್ದ ಕಡೆ ಬ್ರಿಟನ್ನಿನ ಪೌಂಡ್ ಚಿಹ್ನೆ, ಪ್ರತಿಯೊಂದರ ಪಕ್ಕ ತಲೆಯ ಮೇಲೆ ಗೆರೆ ಹೊತ್ತ 'ಎ'. ಎಲ್ಲ ಲಿಪಿಗಳಿಗೂ ಸಾಮಾನ್ಯವಾದ ಅಕ್ಷರ ಸಂಕೇತ ಯೂನಿಕೋಡ್ ಬಳಕೆ ವ್ಯಾಪಕವಾಗುವ ಮೊದಲು ನುಡಿ, ಬರಹದಂಥ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ್ದವು. ಅವಿಲ್ಲದಿದ್ದರೆ ಅಂದು ಕಚೇರಿಗಳಲ್ಲಿ ಕನ್ನಡ ಬೆರಳಚ್ಚೇ ಇರುತ್ತಿರಲಿಲ್ಲ. ಆ ಋಣ ದೊಡ್ಡದು. ಆದರೆ ಆ ಕಾಲದ ಕಡತಗಳನ್ನು ಇಂದಿನ ಯಂತ್ರ ಕನ್ನಡವೆಂದು ಗುರುತಿಸಲಾರದು.

ಈ ತೊಡಕು ಕನ್ನಡಕ್ಕೊಂದೇ ಬಂದದ್ದಲ್ಲ. 2003ರ ಜೂನ್‌ನಲ್ಲಿ ಡಾರ್ಪಾ ತನ್ನ ತಂಡಗಳಿಗೆ ಒಂದು ಅನಿರೀಕ್ಷಿತ ಭಾಷೆ ಕೊಟ್ಟು, ತಿಂಗಳೊಳಗೆ ಅನುವಾದ ಯಂತ್ರ ಕಟ್ಟಿ ಎಂದಿತು. ಆ ಭಾಷೆ ಹಿಂದಿ. ತಂಡಗಳನ್ನು ಬಹುವಾಗಿ ಕಾಡಿದ್ದು ವ್ಯಾಕರಣವಲ್ಲ. ಒಂದೊಂದು ಹಿಂದಿ ಜಾಲತಾಣವೂ ತನ್ನದೇ ಸಂಕೇತದಲ್ಲಿ ಅಕ್ಷರಗಳನ್ನು ಇಟ್ಟಿದ್ದದ್ದು.

ಪಟ್ಟಿಯ ಆಚೆಗಿನ ತುಳು

ಕೇಂದ್ರ ಸರ್ಕಾರ 2022ರ ಜುಲೈನಲ್ಲಿ ಗಾಂಧಿನಗರದಲ್ಲಿ ಭಾರತೀಯ ಭಾಷೆಗಳ ಅನುವಾದಕ್ಕಾಗಿ ಭಾಷಿಣಿ ಎಂಬ ಯೋಜನೆಗೆ ಚಾಲನೆ ಕೊಟ್ಟಿತು. ಅದರ ನೆರವಿನಿಂದ ಎಐ4ಭಾರತ್ 2023ರಲ್ಲಿ ಸುಮಾರು 23 ಕೋಟಿ ವಾಕ್ಯಜೋಡಿಗಳ ಸಂಗ್ರಹವನ್ನೂ 22 ಭಾಷೆಗಳ ಅನುವಾದ ಮಾದರಿಯನ್ನೂ ಎಲ್ಲರಿಗೂ ಮುಕ್ತವಾಗಿ ಬಿಟ್ಟಿತು. ಕನ್ನಡಕ್ಕೆ ಇದರಿಂದ ಆದ ಲಾಭ ಸಣ್ಣದಲ್ಲ. ಸಾರ್ವಜನಿಕ ಹಣ ಸರಿಯಾದ ಕಡೆ ಹರಿದರೆ ಏನಾಗುತ್ತದೆ ಎಂಬುದಕ್ಕೆ ಅದೇ ಸಾಕ್ಷಿ.

ಆದರೆ 22 ಎಂಬ ಸಂಖ್ಯೆ ಎಲ್ಲಿಯದು? ಸಂವಿಧಾನದ ಎಂಟನೇ ಪರಿಚ್ಛೇದದ್ದು. 1950ರಲ್ಲಿ ಅಲ್ಲಿ 14 ಭಾಷೆಗಳಿದ್ದವು. 1967ರಲ್ಲಿ ಸಿಂಧಿ, 1992ರಲ್ಲಿ ಕೊಂಕಣಿ, ಮಣಿಪುರಿ, ನೇಪಾಳಿ, 2003ರಲ್ಲಿ ಬೋಡೊ, ಡೋಗ್ರಿ, ಮೈಥಿಲಿ, ಸಂತಾಲಿ ಸೇರಿದವು. ಒಂದೊಂದು ಸೇರ್ಪಡೆಯ ಹಿಂದೆಯೂ ಚಳವಳಿಯಿದೆ, ಸಂಸತ್ತಿನ ಮತವಿದೆ. 2011ರ ಜನಗಣತಿಯಲ್ಲಿ ಬೋಡೊ ಮಾತನಾಡುವವರು 14,82,929. ತುಳು ಮಾತನಾಡುವವರು 18,46,427. ಬೋಡೊ ಪಟ್ಟಿಯಲ್ಲಿದೆ, ಹಾಗಾಗಿ ಮಾದರಿಯಲ್ಲೂ ಇದೆ. ಬೋಡೊ ಜನ ಹೋರಾಡಿ ಪಡೆದ ನ್ಯಾಯ ಅದು. ತುಳು ಪಟ್ಟಿಯಲ್ಲಿಲ್ಲ, ಮಾದರಿಯಲ್ಲೂ ಇಲ್ಲ. ಕೊಡವವೂ ಇಲ್ಲ. 2024ರ ಜೂನ್‌ನಲ್ಲಿ ತುಳುವನ್ನು ತನ್ನ ಅನುವಾದ ಸೇವೆಗೆ ಸೇರಿಸಿದ್ದು ಗೂಗಲ್. ಕರಾವಳಿಯ ಜನ ದಶಕಗಳಿಂದ ಕೇಳುತ್ತಿರುವ ಮಾನ್ಯತೆ ಈಗ ಗೌರವದ ಪ್ರಶ್ನೆಯಷ್ಟೇ ಆಗಿ ಉಳಿದಿಲ್ಲ; ಸರ್ಕಾರಿ ಹಣದ ಯಂತ್ರ ತಮ್ಮ ಮಾತನ್ನು ಕೇಳಿಸಿಕೊಳ್ಳಬೇಕೇ ಬೇಡವೇ ಎಂಬ ಪ್ರಶ್ನೆಯೂ ಆಗಿದೆ.

1954ರ ಕಾರ್ಡುಗಳಿಂದ ಇಂದಿನ ಭಾಷಾ ಮಾದರಿಗಳವರೆಗೆ ಕಡತಗಳು ಹೇಳುವುದು ಒಂದೇ: ಯಂತ್ರದ ಭಾಷೆಗಳ ಸರದಿಯಲ್ಲಿ ರಾಜಕೀಯ ತೀರ್ಮಾನಗಳ ಕೈವಾಡ ಉದ್ದಕ್ಕೂ ಇದೆ. ಹಾಗಿದ್ದರೆ ಅದನ್ನು ಬದಲಿಸುವ ಬಲವೂ ರಾಜಕೀಯಕ್ಕಿದೆ. ಕೇಂದ್ರ ಸರ್ಕಾರ 2024ರ ಮಾರ್ಚ್‌ನಲ್ಲಿ ಕೃತಕ ಬುದ್ಧಿಮತ್ತೆಯ ಅಭಿಯಾನಕ್ಕೆ 10,372 ಕೋಟಿ ರೂಪಾಯಿ ಮಂಜೂರು ಮಾಡಿದೆ. ಅದರಲ್ಲಿ ಚಿಪ್‌ಗಳದ್ದೇ ದೊಡ್ಡ ಮಾತು, ಮತ್ತು ಆ ಚಿಪ್‌ಗಳು ವಿದೇಶಗಳ ಮರ್ಜಿಗೆ ಬಿಟ್ಟವು. ಪಠ್ಯ ಹಾಗಲ್ಲ. ಕರ್ನಾಟಕದ ಅಧಿನಿಯಮಗಳು, ವಿಧೇಯಕಗಳು, ಬಜೆಟ್ ಭಾಷಣಗಳು ಈಗಾಗಲೇ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಇವೆ. ಅನುವಾದಕರ ದುಡಿಮೆ ಆಗಿಹೋಗಿದೆ, ಅದರ ಸಂಬಳವನ್ನು ನಾವು ತೆತ್ತಾಗಿದೆ. ಅವನ್ನು ಯೂನಿಕೋಡಿಗೆ ತಂದು, ಸಾಲಿಗೆ ಸಾಲು ಜೋಡಿಸಿ, ಕೇಂದ್ರ 2017ರಲ್ಲೇ ಪ್ರಕಟಿಸಿದ ಮುಕ್ತ ದತ್ತಾಂಶ ಪರವಾನಗಿಯಂಥದರಡಿ ಬಿಟ್ಟುಕೊಡಬೇಕು. ಹಳೆಯ ಸಂಕೇತದ ಸುತ್ತೋಲೆಗಳನ್ನು ಪರಿವರ್ತಿಸಬೇಕು. ತುಳು, ಕೊಡವ, ಬ್ಯಾರಿ ಅಕಾಡೆಮಿಗಳ ಪ್ರಕಟಣೆಗಳಿಗೂ ಇದೇ ದಾರಿ ತೆರೆಯಬೇಕು. ಇದಕ್ಕೆ ಹೊಸ ಕಾಯ್ದೆಯಾಗಲಿ ದೊಡ್ಡ ಬಂಡವಾಳವಾಗಲಿ ಬೇಕಿಲ್ಲ. ವಿಧಾನಸೌಧದಿಂದ ಹೊರಡುವ ಒಂದು ಆದೇಶ, ಅದನ್ನು ಜಾರಿಗೆ ತರುವ ಒಬ್ಬ ಹೊಣೆಗಾರ ಅಧಿಕಾರಿ ಇದ್ದರೆ ಸಾಕು. ಅದನ್ನು ನಮ್ಮ ಶಾಸಕರ ಬಳಿ ಹೆಸರಿಟ್ಟು ಕೇಳುವ ಕೆಲಸ ಕನ್ನಡಿಗರಾದ ನಮ್ಮದು.